ಪಾದ್ರಿ ಬರೆದ ಕಾಗದ, ನಾನು ಓದಿದ ಕಾಗದ

ಆ ಸುಳ್ಳನ್ನು ನಾನು ಹೇಳಿದ್ದು ಹಾಡಹಗಲಲ್ಲಿ, ನಮ್ಮ ಮನೆಯ ಜಗಲಿಯ ಮೇಲೆ ನಿಂತು, ಗಟ್ಟಿ ದನಿಯಲ್ಲಿ. ನಾನು ರಜೆಗೆ ಊರಿಗೆ ಬಂದಿದ್ದಾಗ ಬೆಂಗಳೂರಿನ ನನ್ನ ಕಾಲೇಜಿನಿಂದ ಪಾದ್ರಿಯೊಬ್ಬರು ಅಪ್ಪನಿಗೆ ಇಂಗ್ಲಿಷಿನಲ್ಲಿ ಕಾಗದ ಬರೆದಿದ್ದರು. ಮದ್ದೂರಿನ ಹತ್ತಿರದ ನಮ್ಮ ಹಳ್ಳಿಯಲ್ಲಿ ಇಂಗ್ಲಿಷ್ ಬಲ್ಲವನು ನಾನೊಬ್ಬನೇ. ಅಪ್ಪನಿಗೆ ಕನ್ನಡವೂ ಓದಲು ಬರುತ್ತಿರಲಿಲ್ಲ. "ನಿಮ್ಮ ಮಗ ಬಹಳ ಚೆನ್ನಾಗಿ ಓದುತ್ತಿದ್ದಾನೆ" ಎಂದು ಓದಿ ಹೇಳಿದೆ. ಕಾಗದದಲ್ಲಿ ಇದ್ದದ್ದು ನಾನು ರಸಾಯನಶಾಸ್ತ್ರದಲ್ಲಿ ನಪಾಸಾದ ಸುದ್ದಿ.

ಮದ್ದೂರಿನ ಪಕ್ಕದ ಶಿವಪುರದಲ್ಲಿ ಕಾಂಗ್ರೆಸ್ಸಿನವರು ಸರ್ಕಾರಕ್ಕೆ ಸೆಡ್ಡು ಹೊಡೆದು ಬಾವುಟ ಹಾರಿಸಿ ಎರಡು ಮೂರು ವರ್ಷ ಕಳೆದಿದ್ದ ಕಾಲ ಅದು. ನನ್ನದು ಜೆಸ್ವಿಟ್ ಪಾದ್ರಿಗಳ ಕಾಲೇಜು. ಅಲ್ಲಿ ಒಂದಷ್ಟು ಹುಡುಗರಿಗೆ ಒಬ್ಬ ಪಾದ್ರಿ ಎಂದು ಹಂಚಿಬಿಟ್ಟಿದ್ದರು. ಓದು, ಊಟ, ಮನೆಯ ಚಿಂತೆ ಎಲ್ಲಕ್ಕೂ ಹೇಳುವವರು ಕೇಳುವವರು ಅವರೇ. ನನ್ನ ಪಾಲಿಗೆ ಬಂದವರು ಈ ಕಾಗದ ಬರೆದ ದೂರದೇಶದ ಮುದುಕರು. ಶನಿವಾರ ಸಂಜೆ ಒಬ್ಬೊಬ್ಬನನ್ನೇ ಕರೆದುಕೊಂಡು ಆಟದ ಬಯಲು ಸುತ್ತುತ್ತಿದ್ದರು. ಕೂತ ಹುಡುಗ ಸುಳ್ಳು ಹೇಳುತ್ತಾನೆ, ನಡೆಯುವ ಹುಡುಗ ನಿಜ ಹೇಳುತ್ತಾನೆ ಎಂದು ಅವರ ನಂಬಿಕೆ. ಒಂದು ಕಡೆ ಕೂತು ಗೊತ್ತಿಲ್ಲದ ನಾನು ಮೂರನೇ ಸುತ್ತಿಗೇ ಬಾಯಿ ಬಿಟ್ಟಿದ್ದೆ. ಈ ಗಾಜಿನ ನಳಿಗೆ, ಈ ಆಸಿಡ್ಡಿನ ಘಾಟು ನನಗೆ ಬೇಡ, ನಾನು ಚರಿತ್ರೆ ಓದಬೇಕು ಎಂದೆ. ಮನೆಯಲ್ಲಿ ಹೇಳು ಎಂದರು.

ಹೇಳುವುದು ಅಷ್ಟು ಸುಲಭವೇ? ಅಪ್ಪ ಮಂಡ್ಯದ ಸಕ್ಕರೆ ಕಾರ್ಖಾನೆಗೆ ಕಬ್ಬು ಹಾಕುತ್ತಿದ್ದ. ಅಲ್ಲಿ ಬಿಳಿ ಕೋಟು ತೊಟ್ಟು ಕಬ್ಬಿನ ರಸ ಪರೀಕ್ಷೆ ಮಾಡುವ ಕೆಮಿಸ್ಟನನ್ನು ಅವನು ಕಂಡು ಬಂದ ದಿನವೇ ನನ್ನ ಹಣೆಬರಹ ತೀರ್ಮಾನವಾಗಿತ್ತು. ಈಗ ನನ್ನ ಸುಳ್ಳು ನಂಬಿ, ಮಳವಳ್ಳಿಗೆ ಹೋಗಿ ಸೋದರಮಾವನ ಮನೆಯವರಿಗೂ ಹೇಳಿ ಬಂದ. ವಿಷಯ ಬದಲಿಸಲು ಕಾಲೇಜು ತೆರೆಯುವ ಮೊದಲೇ ತಂದೆಯ ಒಪ್ಪಿಗೆ ಬೇಕು ಎಂದೂ ಕಾಗದದಲ್ಲಿತ್ತು. ಇಲ್ಲದಿದ್ದರೆ ಇನ್ನೊಂದು ವರ್ಷ ಅದೇ ನಳಿಗೆ, ಮತ್ತೆ ನಪಾಸು, ಆಮೇಲೆ ಕಾಲೇಜಿನಿಂದಲೇ ಹೊರಗೆ. ನಾನು ನಿಂತಲ್ಲಿ ನಿಲ್ಲಲಾರದೆ ನಾಲೆ ಏರಿಯ ಮೇಲೆ ಅಲೆದೆ. ಅವ್ವ ಮುದ್ದೆ ಇಟ್ಟರೆ ಅರ್ಧಕ್ಕೇ ಎದ್ದೆ. ಇವತ್ತು ಹೇಳಬೇಕು, ನಾಳೆ ಹೇಳಬೇಕು ಎನ್ನುವುದರಲ್ಲೇ ರಜೆ ಮುಗಿಯುತ್ತಾ ಬಂತು.

ಉತ್ತರ ಬಾರದ್ದಕ್ಕೆ ಪಾದ್ರಿಯೇ ಬಂದುಬಿಟ್ಟರು. ಮದ್ದೂರಿನಲ್ಲಿ ರೈಲಿಳಿದು, ಎತ್ತಿನ ಗಾಡಿ ಹಿಡಿದು, ಬಿಳಿ ನಿಲುವಂಗಿಗೆಲ್ಲ ಧೂಳು ಮೆತ್ತಿಕೊಂಡು ಜಗಲಿ ಹತ್ತಿದರು. ಅಪ್ಪ ಚಾಪೆ ಹಾಸಿ, ಬೆಲ್ಲ ನೀರು ಕೊಟ್ಟ. ಕನ್ನಡ ಬಾರದ ಪಾದ್ರಿ ಇಂಗ್ಲಿಷಿನಲ್ಲಿ ಬಹಳ ಹೊತ್ತು ಮಾತಾಡಿದರು. ಕೊನೆಗೆ, ಹೇಳಿದ್ದನ್ನು ಹೇಳಿದ ಹಾಗೆಯೇ ತಂದೆಗೆ ತಿಳಿಸು ಎಂದು ನನ್ನತ್ತ ತಿರುಗಿದರು.

"ಬಾಳ ಚೆನ್ನಾಗ್ ಓದ್ತಾನೆ ಅಂತಾವ್ರೆ" ಎಂದೆ.

ಅಪ್ಪ ಪಾದ್ರಿಯ ಮುಖ ನೋಡಿದ, ನನ್ನ ಮುಖ ನೋಡಿದ. "ಅವ್ರು ಅಷ್ಟುದ್ದ ಮಾತಾಡವ್ರೆ, ನೀನು ಇಷ್ಟೇಯ ಏಳ್ತೀಯಲ್ಲೋ?"



ಅಪ್ಪ ದನ ಕೊಂಡು ಮಾರಿ ಪಳಗಿದವನು. ದನದ ಸಂತೆಯಲ್ಲಿ ಬೆಲೆಯನ್ನು ಯಾರೂ ಬಾಯಲ್ಲಿ ಹೇಳುವುದಿಲ್ಲ. ಟವೆಲಿನ ಕೆಳಗೆ ಕೈ ಹಿಡಿದು, ಬೆರಳು ಒತ್ತಿ ತಿಳಿಸುತ್ತಾರೆ. ನಡುವೆ ನಿಂತವನಿಗೆ ಏನೂ ಗೊತ್ತಾಗುವುದಿಲ್ಲ. ಅಪ್ಪ ಹೆಗಲ ಮೇಲಿನ ಟವೆಲು ತೆಗೆದು ಪಾದ್ರಿಯ ಕೈಮೇಲೆ ಹಾಕಿಯೇಬಿಟ್ಟ! ನನಗೆ ನಾಚಿಕೆಯಿಂದ ಸತ್ತುಹೋಗುವಂತಾಯಿತು.

"ಐದು ಬೆಳ್ಳು ಇಡಿದ್ರೆ ಪೂರಾ ಉಸಾರು, ಒಂದು ಇಡಿದ್ರೆ ಗೋತಾ. ಕೆಮಿಸ್ಟಾಗಕ್ಕೆ ನನ್ ಮಗ ಎಷ್ಟು ಅಂತ ಸ್ವಾಮ್ಯೋರ್ನ ಕೇಳು. ಕೇಳ್ಬುಟ್ಟು ಆ ಕಡೆ ತಿರುಕ್ಕೋ."

ಅದನ್ನು ಮಾತ್ರ ಇದ್ದದ್ದು ಇದ್ದ ಹಾಗೆ ಇಂಗ್ಲಿಷಿನಲ್ಲಿ ಹೇಳಿದೆ. ಪಾದ್ರಿ ನಗುತ್ತಾರೆ ಅಂದುಕೊಂಡಿದ್ದೆ. ನಗಲಿಲ್ಲ. ನಾನು ಕೊಟ್ಟಿಗೆಯ ಕಡೆ ತಿರುಗಿ ನಿಂತೆ. ಅವರು ಒತ್ತಿದ್ದು ಎಷ್ಟು ಬೆರಳೋ ನನಗೆ ಇಂದಿಗೂ ಗೊತ್ತಿಲ್ಲ.

"ಆ ಕಾಗ್ಜ ತತ್ತಾ. ಈಗ ಓದು" ಎಂದ ಅಪ್ಪ.

ಓದಿದೆ. ನಪಾಸಾದದ್ದು, ಚರಿತ್ರೆಗೆ ಬದಲಿಸಿದರೆ ಒಳ್ಳೆಯದು ಎಂದದ್ದು, ಎಲ್ಲ ಓದಿದೆ. ಕೊನೆಯ ಸಾಲನ್ನೂ ಓದಿದೆ. 'ಹುಡುಗ ನಿಮಗೆ ಹೇಳಲು ಹೆದರುತ್ತಾನೆ, ದಯವಿಟ್ಟು ಅವನನ್ನು ಬೈಯಬೇಡಿ' ಎಂದಿತ್ತು.

ಅಪ್ಪ ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡ. "ಬೈಬ್ಯಾಡಿ ಅಂತ ಬರ್ದವ್ರೆ. ಅದ್ನಾದ್ರೂ ಓದಿ ಏಳ್ಬಾರ್ದಿತ್ತೇನ್ಲಾ? ಬೈತಿದ್ನಾ ನಾನು?"

ಪಾದ್ರಿ ತಂದಿದ್ದ ಒಪ್ಪಿಗೆಯ ಹಾಳೆಗೆ ಹೆಬ್ಬೆಟ್ಟು ಒತ್ತಿ, ಅವರನ್ನು ಗಾಡಿಯವರೆಗೆ ಕಳಿಸಿ ಬಂದ. ನನ್ನನ್ನು ಬೈಯಲಿಲ್ಲ. ಒಂದು ಮಾತಾದರೂ ಬೈದಿದ್ದರೆ ಚೆನ್ನಾಗಿತ್ತು.

ಕಾಲೇಜು ತೆರೆದ ಮೇಲೆ ಚರಿತ್ರೆಯ ತರಗತಿಯಲ್ಲಿ ಕೂತೆ, ಪಾಸೂ ಆದೆ. ಪಾದ್ರಿ ಪ್ರತಿ ಪರೀಕ್ಷೆಯ ನಂತರವೂ ಅಪ್ಪನಿಗೆ ಕಾಗದ ಬರೆಯುತ್ತಿದ್ದರು, ಎಲ್ಲವೂ ಒಳ್ಳೆಯ ಸುದ್ದಿಯೇ. ರಜೆಯಲ್ಲಿ ನಾನು ಜಗಲಿಯ ಮೇಲೆ ಕೂತಿರುವಾಗಲೇ ಅಪ್ಪ ಆ ಕಾಗದವನ್ನು ಅಂಗಿಯ ಜೇಬಿಗೆ ಹಾಕಿಕೊಂಡು, ಮದ್ದೂರಿನ ಪೋಸ್ಟ್ ಮಾಸ್ತರರ ಹತ್ತಿರ ಓದಿಸಿಕೊಳ್ಳಲು ಹೋಗುತ್ತಿದ್ದ.