ಡುಪ್ಲಿಕೇಟ್ ಚಟ್ನಿಯ ಪಂಚಾಯಿತಿ

ಗೆಳೆಯರೇ, ಗಿರಾಕಿಗೆ ಕಳಿಸುವ ವರದಿಯಲ್ಲಿ ‘ಡುಪ್ಲಿಕೇಟ್ ಪುಟ’ ಎಂದು ಮಾತ್ರ ಬರೆಯಬೇಡಿ. ಬೆಳಿಗ್ಗೆಯಿಂದ ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ.

ವಿಜಯಪುರ ಕಡೆಯ ವಾರಗಿತ್ತಿಯರಿಬ್ಬರು ಇಲ್ಲಿ ಶೇಂಗಾ ಚಟ್ನಿ ಮಾರುತ್ತಾರೆ. ಹಿರಿಯರಾದ ಶಾರದಕ್ಕನ ಅಂಗಡಿ ಸಿಕಂದರಾಬಾದಿನಲ್ಲಿ, ಕಿರಿಯರಾದ ಮಾದೇವಕ್ಕನದು ಉಪ್ಪಲ್‌ನಲ್ಲಿ. ವೆಬ್‌ಸೈಟ್ ಒಂದೇ, ಅದರಲ್ಲಿ ಇಬ್ಬರಿಗೂ ಒಂದೊಂದು ಪುಟ. ಅದನ್ನು ಇಂಟರ್ನೆಟ್ ಹುಡುಕಾಟದಲ್ಲಿ ಮೇಲೆ ತರುವ ಕೆಲಸ ನನ್ನದು. ಎರಡರಲ್ಲೂ ಅಕ್ಷರಕ್ಕಕ್ಷರ ಒಂದೇ ಬರಹ. ಅದರಿಂದಾಗಿ ಹುಡುಕಿದರೆ ಎರಡೂ ಹಿಂದೆ ಬೀಳುತ್ತಿದ್ದವು. ಹಾಗಾಗಿ ಮಾದೇವಕ್ಕನ ಪುಟಕ್ಕೆ ಕೆನಾನಿಕಲ್ ಟ್ಯಾಗ್ ಹಾಕಿದೆ. ‘ಮೂಲ ಪುಟ ಶಾರದಕ್ಕನದು’ ಎಂದು ಸರ್ಚ್ ಎಂಜಿನ್‌ಗೆ ಹೇಳುವ ಟ್ಯಾಗ್ ಅದು.

ಆ ಪುಟ ‘ಡುಪ್ಲಿಕೇಟ್’ ಎಂದು ವರದಿ ಕಳಿಸಿದ್ದೇ ತಡ, ಮಾದೇವಕ್ಕನ ಫೋನ್. “ನನ್ನ ಚಟ್ನಿ ಡುಪ್ಲಿಕೇಟ್ ಮಾಲೇನ್ರಿ?”

“ಚಟ್ನಿ ಅಲ್ರಿ ಅಕ್ಕಾರ, ಪುಟ. ನಿಮ್ಮ ಪುಟಕ್ಕ ಯಾರರ ಲಿಂಕ್ ಕೊಟ್ರ, ಅದರ ಬಲ ಶಾರದಕ್ಕಾರ ಪುಟಕ್ಕ ಹೋಗತೈತಿ, ಅಷ್ಟ.”

“ಅಂದ್ರ ನಾ ಗಳಿಸಿದ ಹೆಸರು ಆಕಿಗಿ ಹೋಗತೈತಿ. ಆ ಬರಹ ಮೊದಲ ಬರದಾಕಿ ನಾನು.”

ನಮ್ಮ ಕಸುಬಿನವರು ಲಿಂಕ್ ಈಕ್ವಿಟಿ ಎನ್ನುವುದೂ ಅದನ್ನೇ. ಮೂಲ ಪುಟ ಮಾದೇವಕ್ಕನದೆಂದು ಟ್ಯಾಗನ್ನು ತಿರುಗಿಸಿದೆ. ಈಗ ಶಾರದಕ್ಕನ ಫೋನ್.

“ಬರಹ ಆಕಿದ ಇರ್ಲಿ. ಆಕಿಗಿ ಚಟ್ನಿ ಕುಟ್ಟಾಕ ಕಲಿಸಿದಾಕಿ ನಾನು.”

“ನಿಮಗ ಯಾರು ಕಲಿಸಿದ್ರು?”

“ನಮ್ಮ ಅತ್ತಿಯವರು.”

ಅಂತೂ ಮೂಲ ಸಿಕ್ಕಿತು. ಅವರಿಗೊಂದು ಪುಟವೇ ಇಲ್ಲ.