ಕೊಟ್ಟಿಗೆಯ ಕ್ಯಾಮೆರಾ ಕೂಗಿದಾಗ

"ಅಕ್ಕಾ, ಬೇಗ ಬನ್ರೀ, ಹಸ ಈಯ್ತಾ ಐತೆ!"

ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಿದ್ದ ನನಗೆ ಕೊಟ್ಟಿಗೆಯಿಂದ ಗಂಡಸಿನ ದನಿ ಕೇಳಿಸಿತು. ಓಡಿಹೋಗಿ ನೋಡಿದರೆ ಅಲ್ಲಿ ಯಾರೂ ಇಲ್ಲ. ಕರು ಆಗಲೇ ನೆಲಕ್ಕೆ ಬಿದ್ದಿತ್ತು. ಮೂತಿಗೆ ಪೊರೆ ಸುತ್ತಿಕೊಂಡು ಉಸಿರಿಗೆ ಒದ್ದಾಡುತ್ತಿತ್ತು. ಪೊರೆ ಹರಿದು ಮೂಗು ಒರೆಸಿದ ಮೇಲೆ ಸೀನಿತು. ಹಸುವಿನ ಮೇಲೆ ಕಣ್ಣಿಡಲೆಂದು ತೊಲೆಗೆ ಹಾಕಿಸಿದ್ದ ಕ್ಯಾಮೆರಾ ಆಗ ಮತ್ತೆ ಮಾತಾಡಿತು.

"ಹೆಣ್ಗರುನಾ ಅಕ್ಕಾ?"

"ನೀನ್ಯಾರಪ್ಪಾ?" ಎಂದೆ.

"ಬುಕ್ಕಾಂಬುಧಿ ಊರೋನು ಕಣಕ್ಕಾ. ನಮ್ಮನೆಗೆ ಕ್ಯಾಮೆರಾ ಹಾಕ್ದೋನೇ ನಿಮಗೂ ಹಾಕವ್ನೆ. ಮೂರು ತಿಂಗ್ಳಿಂದ ನನ್ ಫೋನಲ್ಲಿ ನಿಮ್ ಕೊಟ್ಟಿಗೆನೂ ಬತ್ತಾ ಐತೆ. ಹಸ ಈಯ್ಲಿ, ಆಮೇಲೆ ಹೇಳಾಣ ಅಂತ ಸುಮ್ನಿದ್ದೆ."

ಕ್ಯಾಮೆರಾ ಹಾಕಿದವನು ಎರಡೂ ಮನೆಯವನ್ನು ಒಂದೇ ಖಾತೆಗೆ ಸೇರಿಸಿ ಹೋಗಿದ್ದ. ಪಾಲಿಟೆಕ್ನಿಕ್ ಓದುವ ಮಗಳು ಅಂದೇ ರೂಟರ್‌ನಲ್ಲಿ ನಮ್ಮ ಕ್ಯಾಮೆರಾಗೆ ಇಂಟರ್ನೆಟ್ ಸಿಗದಂತೆ ಮಾಡಿದಳು. ಈಗ ಅದು ಮನೆಯೊಳಗಿನ ಫೋನಿಗೆ ಬಿಟ್ಟರೆ ಬೇರೆಲ್ಲೂ ಕಾಣುವುದಿಲ್ಲ. ಈಯುವಾಗ ನೆರವಾದವರಿಗೆ ಮೊದಲ ಗಿಣ್ಣು ಕೊಡುವುದು ನಮ್ಮ ಮನೆಯ ರೂಢಿ. ಅವನಿಗೆ ಬೈಯಬೇಕೆಂದುಕೊಂಡವಳು ಡಬ್ಬಿಗೆ ಗಿಣ್ಣು ತುಂಬಿ, ಅವನಿಗೆ ತಲುಪಿಸಲು ಬುಕ್ಕಾಂಬುಧಿಯ ಬಸ್ಸಿಗೆ ಕೊಟ್ಟೆ.

ಹುಲ್ಲು ಹಾಕುವಾಗ ಅತ್ತೆಯ ಮೇಲಿನ ಸಿಟ್ಟನ್ನೆಲ್ಲ ಹಸುವಿನ ಮುಂದೆ ಹೇಳಿಕೊಳ್ಳುವುದು ನನ್ನ ಅಭ್ಯಾಸವಾಗಿತ್ತು. ಅದನ್ನೂ ಕೇಳಿಸಿಕೊಂಡಿದ್ದನೋ ಏನೋ, ಅವನು ಹೇಳಲಿಲ್ಲ, ನಾನೂ ಕೇಳಲಿಲ್ಲ. ಹೊರಗಿನವರಿಗೆ ಇನ್ನು ಕೇಳಿಸದೆಂದು ಗೊತ್ತಿದ್ದರೂ, ಈಗ ಹುಲ್ಲು ಹಾಕಿ ಮಾತಿಲ್ಲದೆ ಬರುತ್ತೇನೆ. ಹಸು ಮಾತ್ರ ಹುಲ್ಲಿಗೆ ಬಾಯಿ ಹಾಕದೆ, ಒಂದು ಗಳಿಗೆ ನನ್ನ ಮುಖವನ್ನೇ ನೋಡುತ್ತಾ ನಿಲ್ಲುತ್ತದೆ.