ಉಮ್ಮನ ತೆರೆದ ಕಣ್ಣಿನ ನಿದ್ದೆ

ತೊಕ್ಕೊಟ್ಟಿನ ನಮ್ಮ ಫ್ಲ್ಯಾಟಿನ ಕೆಳಗೆ ಬಸ್ಸುಗಳ ಹಾರ್ನ್ ನಿಲ್ಲುವುದೇ ಇಲ್ಲ. ಆ ಗಲಾಟೆಯಲ್ಲೂ ನನ್ನ ಉಮ್ಮ ಮಧ್ಯಾಹ್ನದ ನಮಾಝ್ ಮುಗಿಸಿ, ಅದೇ ಚಾಪೆಯ ಮೇಲೆ ಸಂಜೆಯ ನಮಾಝಿನವರೆಗೆ ಜಪಮಣಿ ಎಣಿಸುತ್ತಾ ಕೂರುತ್ತಿದ್ದರು. ಮಂಡಿನೋವು. ನಮಾಝಿಗೆ ಮುಂಚೆ ಕೈ, ಮುಖ, ಕಾಲು ತೊಳೆಯುವ ವುಝೂವನ್ನು ಪದೇ ಪದೇ ಮಾಡುವುದು ಕಷ್ಟ. ಬಚ್ಚಲಿಗೆ ಹೋದರೆ, ಮಲಗಿ ನಿದ್ದೆ ಹೋದರೆ ಅದು ಮುರಿಯುತ್ತದೆ; ಹಾಗಾಗಿ ಒಮ್ಮೆ ಮಾಡಿದ್ದು ಮುರಿಯದಂತೆ ಕಾಪಾಡಿಕೊಳ್ಳುತ್ತಿದ್ದರು.

ಒಂದು ದಿನ ಚಹಾ ಬೇಕೇ ಎಂದು ಕೇಳಲು ಹೋದೆ. ಉಮ್ಮ ಗೋಡೆ ನೋಡುತ್ತಾ ಕೂತಿದ್ದರು. ಬಲಗೈ ಎಡಗೈಯನ್ನು ಮಣಿಕಟ್ಟಿನಿಂದ ಮೊಣಕೈವರೆಗೆ ಉಜ್ಜುತ್ತಿತ್ತು, ಮತ್ತೆ ಮತ್ತೆ. ನೀರಿಲ್ಲದ ವುಝೂ. ಕರೆದೆ. ಮುಖದ ಮುಂದೆ ಕೈ ಆಡಿಸಿದೆ. ರೆಪ್ಪೆ ಅಲುಗಲಿಲ್ಲ.

ಸ್ವಲ್ಪ ಹೊತ್ತಿಗೆ ಕೈ ತಾನಾಗಿ ನಿಂತಿತು. "ಎಂತ ಮಗಳೇ?" ಎಂದರು.

"ನಿಮಗೆ ಎಂತಾಯ್ತು ಉಮ್ಮ?"

"ಎಂತಾಗ್ಲಿಕ್ಕುಂಟು? ತೂಕಡಿಕೆ. ಗಟ್ಟಿ ಕೂತು ನಿದ್ದೆ ಬಂದ್ರೆ ವುಝೂ ಮುರಿಯುವುದಿಲ್ಲ."

ಮಸೀದಿಯಿಂದ ನಮಾಝಿನ ಕರೆ, ಬಾಂಗ್, ಕೇಳಿಸಿತು. ಹಾಗೆಯೇ ಎದ್ದು ನಮಾಝಿಗೆ ನಿಂತರು. ಅಂದು ಅವರ ಪಕ್ಕದಲ್ಲಿ ನಿಲ್ಲಲು ನನಗೆ ಧೈರ್ಯವಾಗಲಿಲ್ಲ.

ಅದು ಮರುಕಳಿಸಿತು, ಯಾವಾಗಲೂ ಹಾಡುಹಗಲಲ್ಲಿ. ಕೊನೆಗೆ ಮದರಸದಲ್ಲಿ ಕಲಿಸುವ ಮಾಮನಿಗೆ, ಉಮ್ಮನ ಅಣ್ಣನಿಗೆ, ಫೋನ್ ಮಾಡಿದೆ.

"ಕೂತಲ್ಲೇ ಅಲುಗಾಡದೆ ತೂಕಡಿಸಿದ್ರೆ ತೊಂದರೆ ಇಲ್ಲ," ಎಂದರು. ಮತ್ತೆ, "ಪ್ರಜ್ಞೆ ತಪ್ಪಿದ್ರೆ ಮಾತ್ರ, ಹೇಗೆ ಕೂತಿದ್ರೂ ವುಝೂ ಹೋಗ್ತದೆ. ಕರೆದ್ರೆ ಅವಳು ಓ ಅಂತಾಳಾ?"

"ಇಲ್ಲ ಮಾಮ. ಕಣ್ಣು ತೆರೆದೇ ಇರ್ತದೆ."

"ಹಾಗಾದ್ರೆ ಅದು ನಿದ್ದೆ ಅಲ್ಲ. ಬೇಗ ಡಾಕ್ಟರಿಗೆ ತೋರಿಸು."

ಉಮ್ಮನಿಗೆ ಎಲ್ಲ ಹೇಳಿದೆ. ಅವರು ತಮ್ಮ ಕೈಗಳನ್ನು ಬೇರೆ ಯಾರದೋ ಎಂಬಂತೆ ನೋಡಿಕೊಂಡರು.

"ಆಗ ನಾನು ಎಲ್ಲಿದ್ದೆ?"

ನಾನು ಆ ಕೈಗಳನ್ನು ಹಿಡಿದುಕೊಂಡೆ.

"ನಮಾಝ್ ಮಾಡುವಾಗಲೂ ಹೀಗಾಗಿದ್ರೆ? ಅದನ್ನು ಮುಗಿಸಿದ್ದು ಯಾರು?"

ಪಂಪ್‌ವೆಲ್ ಸರ್ಕಲ್ ಬಳಿಯ ಡಾಕ್ಟರು ಇದೂ ಒಂದು ಬಗೆಯ ಫಿಟ್ಸ್ ಎಂದರು. ಮಾತ್ರೆ ಹಿಡಿಯಿತು. ಸಂಶಯವಿದ್ದ ನಮಾಝುಗಳನ್ನು ಉಮ್ಮ ಕುರ್ಚಿಯಲ್ಲಿ ಕೂತು, ದಿನಕ್ಕಿಷ್ಟು ಎಂದು ಮತ್ತೆ ಮಾಡಿ ತೀರಿಸಿದರು.

ಈಗ ಮಂಡಿ ನೋಯುತ್ತಿದ್ದರೂ ಪ್ರತಿ ನಮಾಝಿಗೂ ಹೊಸದಾಗಿ ವುಝೂ ಮಾಡುತ್ತಾರೆ. ಬಚ್ಚಲಿನ ಬಾಗಿಲು ಹಾಕುವುದಿಲ್ಲ. ನಾನು ಹೊರಗೆ ಸ್ಟೂಲಿನ ಮೇಲೆ ಕೂರುತ್ತೇನೆ. ಕೆಲವೊಮ್ಮೆ ನಲ್ಲಿ ನಿಂತ ಮೇಲೂ ಒದ್ದೆ ಕೈ ಉಜ್ಜುವ ಸದ್ದು ಕೇಳುತ್ತಲೇ ಇರುತ್ತದೆ. ಆಗ "ಉಮ್ಮ" ಎಂದು ಕರೆಯುತ್ತೇನೆ.

"ಇದ್ದೇನೆ" ಎನ್ನುತ್ತಾರೆ, ಕೊಂಚ ತಡವಾಗಿ.